ಮನೆಮಂದಿಗೆಲ್ಲ ಒಂದು ಎಸ್‌ಯುವಿ: ತುಂಬುವುದು, ಕೂರಿಸುವುದು, ಓಡಿಸುವುದು, ನೋಡಿಕೊಳ್ಳುವುದು ಹೇಗೆ?

ಹೊಸ ಮಿಡ್‌ಸೈಜ್ ಎಸ್‌ಯುವಿ ಬಂದಾಗ ಎಲ್ಲರ ಕೈ ಮೊದಲು ಹೋಗುವುದು ಟಚ್‌ಸ್ಕ್ರೀನಿಗೆ. ಅದನ್ನು ಆಮೇಲೆ ನೋಡಿ. ಮೊದಲು ಡ್ರೈವರ್ ಬಾಗಿಲು ತೆಗೆದು, ಬಾಗಿಲು ಬಂದು ಕೂರುವ ಕಂಬದ ಮೇಲಿನ ಸ್ಟಿಕ್ಕರ್ ಓದಿ. ಮ್ಯಾನ್ಯುಯಲ್‌ನಲ್ಲಿ ತೂಕದ ಬಗ್ಗೆ ಇರುವ ಪುಟವನ್ನೂ ಹುಡುಕಿ. ದೊಡ್ಡ ಗಾಡಿ, ಎಷ್ಟು ಬೇಕಾದರೂ ತುಂಬಬಹುದು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಜಾಗ ಇದೆ, ನಿಜ. ಆದರೆ ಜಾಗ ಬೇರೆ, ತಾಕತ್ತು ಬೇರೆ. ಬ್ರೇಕ್ ಹಿಡಿಯುವುದು, ಟೈರ್ ಸವೆಯುವುದು, ತಿರುವಿನಲ್ಲಿ ವಾಲುವುದು, ಎಲ್ಲಕ್ಕೂ ಮೂಲ ಈ ತೂಕವೇ.

ಲೆಕ್ಕ ಸುಲಭ. ಗಾಡಿ ತುಂಬಿದಾಗ ಇರಬಹುದಾದ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕ, ಅಂದರೆ ಕರ್ಬ್ ವೇಟ್ ಕಳೆಯಿರಿ. ಉಳಿದದ್ದು ನೀವು ಹೊರಿಸಬಹುದಾದ ಭಾರ. ಒಟ್ಟು 2,350 ಕೆ.ಜಿ., ಖಾಲಿ 1,800 ಕೆ.ಜಿ. ಅಂತ ಇಟ್ಟುಕೊಳ್ಳಿ, ಉಳಿಯುವುದು 550. ಏಳು ಸೀಟಿನಲ್ಲೂ ತಲಾ 70 ಕೆ.ಜಿ.ಯ ದೊಡ್ಡವರು ಕೂತರೆ ಅಲ್ಲಿಗೇ 490 ಆಯಿತು. ಲಗೇಜಿಗೆ ಮಿಕ್ಕಿದ್ದು ಬರೀ 60 ಕೆ.ಜಿ.! ನಾಲ್ಕು ದೊಡ್ಡ ಸೂಟ್‌ಕೇಸ್ ಇಟ್ಟರೆ ಮಿತಿ ದಾಟಿ ಹೋಗುತ್ತದೆ, ಅಲ್ವಾ? ಇನ್ನೊಂದು ವಿಷಯ, ಕೆಲವು ಕಡೆ ಡ್ರೈವರ್‌ಗೆ ಅಂತ 75 ಕೆ.ಜಿ. ಸೇರಿಸಿಯೇ ಕರ್ಬ್ ವೇಟ್ ಬರೆದಿರುತ್ತಾರೆ. ನಿಮ್ಮ ಗಾಡಿಯದ್ದು ಹೇಗೆ ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ.

ಲಗೇಜು ಹಿಡಿಸಲಿಲ್ಲ ಅಂತ ಮೇಲೆ ಕಟ್ಟುವ ಮುಂಚೆ ರೂಫಿನ ಮಿತಿಯನ್ನೂ ನೋಡಿ. ಸಾಮಾನ್ಯವಾಗಿ 75ರಿಂದ 100 ಕೆ.ಜಿ. ಇರುತ್ತದೆ, ಕ್ಯಾರಿಯರ್‌ನ ಸ್ವಂತ ತೂಕವೂ ಅದರಲ್ಲೇ ಬಂತು. ಎಸ್‌ಯುವಿ ಮೊದಲೇ ಎತ್ತರದ ಗಾಡಿ. ಮೇಲೆ ಭಾರ ಹಾಕಿದಷ್ಟೂ ಅದು ಇನ್ನಷ್ಟು ವಾಲುತ್ತದೆ. ಹಾಗಾಗಿ ಮೇಲೆ ಹಗುರವಾದದ್ದು ಮಾತ್ರ, ಹಾಸಿಗೆ, ಬಟ್ಟೆ ಬ್ಯಾಗು ಇಂಥದ್ದು. ಭಾರದ ಸಾಮಾನು ಡಿಕ್ಕಿಯ ನೆಲದ ಮೇಲೆ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿಕೊಂಡಿರಲಿ. ಸೀಟಿನ ಬೆನ್ನಿಗಿಂತ ಎತ್ತರಕ್ಕೆ ಏನನ್ನೂ ಪೇರಿಸಬೇಡಿ, ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಅದು ಸೀದಾ ಮಕ್ಕಳ ತಲೆಗೇ ಬರುವುದು. ಕೆಲಸ ಮುಗಿದ ಮೇಲೆ ರೂಫ್ ಕ್ಯಾರಿಯರ್ ಬಿಚ್ಚಿಡಿ. ಸುಮ್ನೆ ಖಾಲಿ ಇದ್ದರೂ ಗಾಳಿಗೆ ಅಡ್ಡವಾಗಿ ಇಂಧನ ತಿನ್ನುತ್ತಲೇ ಇರುತ್ತದೆ.

ಈಗ ಮಕ್ಕಳ ಸೀಟಿನ ವಿಷಯ. ಇದಕ್ಕೆ ಒಂದಿಷ್ಟು ಸಮಯ ಕೊಡಲೇಬೇಕು. ನೀವಿನ್ನೂ ಗಾಡಿ ಕೊಂಡಿಲ್ಲ ಅಂದರೆ ನೋಡಲು ಹೋಗುವಾಗ ಮಗುವಿನ ಸೀಟನ್ನೂ ಎತ್ತಿಕೊಂಡು ಹೋಗಿ, ಯಾರು ಏನೇ ಅಂದುಕೊಳ್ಳಲಿ. ಎರಡನೇ ಸಾಲಿನಲ್ಲಿ ಅದನ್ನು ಕೂರಿಸಿ, ಆಮೇಲೆ ಮೂರನೇ ಸಾಲಿಗೆ ಹತ್ತಲು ದಾರಿ ಉಳಿಯಿತಾ ನೋಡಿ. ಎಷ್ಟೋ ಗಾಡಿಗಳಲ್ಲಿ ಮಗುವಿನ ಸೀಟು ಹಾಕಿದ ಮೇಲೆ ಆ ಭಾಗ ಮಡಚುವುದೇ ಇಲ್ಲ, ಆಗ ಅಜ್ಜಿಯೋ ಅಣ್ಣನೋ ಹಿಂದೆ ಹೋಗಬೇಕಾದರೆ ಪ್ರತಿ ಸಲ ಸೀಟು ಬಿಚ್ಚಿ ಹಾಕಬೇಕಾಗುತ್ತದೆ. ಮಗುವಿನ ಸೀಟನ್ನು ನೇರವಾಗಿ ಗಾಡಿಗೇ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳು ಹೆಚ್ಚಾಗಿ ಎರಡು ಬದಿಯ ಸೀಟಿನಲ್ಲಿ ಮಾತ್ರ ಇರುತ್ತವೆ, ನಡುವೆ ಇರುವುದು ಅಪರೂಪ. ಮೂವರು ಮಕ್ಕಳಿದ್ದರೆ ಮೂರು ಸೀಟನ್ನೂ ಪಕ್ಕಪಕ್ಕ ಇಟ್ಟೇ ನೋಡಬೇಕು, ಅಳತೆ ಕಾಗದದ ಮೇಲೆ ಸರಿ ಬಂದರೆ ಸಾಲದು.

ಚಿಕ್ಕ ಮಗುವಿನ ಸೀಟು ಹಿಂದಕ್ಕೆ ಮುಖ ಮಾಡಿರಬೇಕು. ಐ-ಸೈಜ್ ಅಂತ ಕರೆಯುವ ವಿಶ್ವಸಂಸ್ಥೆಯ ಮಕ್ಕಳ ಸೀಟಿನ ಯುಎನ್ ಆರ್129 ನಿಯಮದಲ್ಲಿ ಕನಿಷ್ಠ 15 ತಿಂಗಳ ತನಕ ಹೀಗೇ ಇರಬೇಕು ಅಂತಿದೆ, ಸೀಟಿನ ಮಿತಿಯೊಳಗೆ ಇನ್ನೂ ಜಾಸ್ತಿ ದಿನ ಇಟ್ಟರೆ ಇನ್ನೂ ಒಳ್ಳೆಯದು. ಕಾರಣ ಇಷ್ಟೇ. ಮಗುವಿನ ತಲೆ ಭಾರ, ಕುತ್ತಿಗೆ ಎಳೆಯದು. ಎದುರಿನಿಂದ ಗುದ್ದಿದಾಗ ಹೊಡೆತ ಕುತ್ತಿಗೆಯ ಮೇಲೆ ಬೀಳದೆ ಬೆನ್ನಿಗೆಲ್ಲ ಹರಡಿಕೊಳ್ಳಬೇಕು. ಇಂಥ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಯಾವತ್ತೂ ಇಡಬೇಡಿ. ಮಗು ಮುಂದಕ್ಕೆ ಮುಖ ಮಾಡುವ ವಯಸ್ಸಿಗೆ ಬಂದಾಗ, ಸೀಟಿನ ಮೇಲ್ಭಾಗವನ್ನು ಗಾಡಿಗೆ ಕಟ್ಟುವ ಪಟ್ಟಿ ಇದ್ದರೆ ಅದನ್ನು ತಪ್ಪದೆ ಬಿಗಿಯಿರಿ. ಎಸ್‌ಯುವಿಗಳಲ್ಲಿ ಅದರ ಕೊಂಡಿ ಬಹಳ ಸಲ ಸೀಟಿನ ಬೆನ್ನ ಹಿಂದೆ, ಡಿಕ್ಕಿ ಕಡೆ ಇರುತ್ತದೆ. ಅಲ್ಲೇ ಹತ್ತಿರ ಲಗೇಜ್ ಕಟ್ಟುವ ಕೊಕ್ಕೆಯೂ ಇರುತ್ತದೆ, ಅದಕ್ಕೆ ಸಿಕ್ಕಿಸಿದರೆ ಪ್ರಯೋಜನ ಇಲ್ಲ. ಕೊನೆಗೆ ಸೀಟನ್ನು ಬುಡದಲ್ಲಿ ಹಿಡಿದು ಅಲ್ಲಾಡಿಸಿ. ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಸರಿದಾಡಿದರೆ ಮತ್ತೆ ಬಿಗಿ ಮಾಡಿ.

ಮೂರನೇ ಸಾಲಿನಲ್ಲಿ ಯಾರನ್ನಾದರೂ ಕೂರಿಸುವ ಮುಂಚೆ ನೀವೇ ಅಲ್ಲಿ ಹೋಗಿ ಕೂತು ನೋಡಿ. ಮಂಡಿ ಎದೆಗೆ ಬರುತ್ತಾ? ಎಸಿ ಗಾಳಿ ತಲುಪುತ್ತಾ? ಹೆಡ್‌ರೆಸ್ಟ್ ಮೇಲಕ್ಕೆ ಎಳೆದಿದ್ದೀರಾ? ಹೆಡ್‌ರೆಸ್ಟಿನ ತುದಿ ನೆತ್ತಿಯ ಮಟ್ಟಕ್ಕೆ ಇರಬೇಕು. ಮಡಚಿಟ್ಟ ಹೆಡ್‌ರೆಸ್ಟನ್ನು ಹಾಗೇ ಬಿಟ್ಟು ಮಕ್ಕಳನ್ನು ಕೂರಿಸುವುದನ್ನು ನೋಡಿದಾಗಲೆಲ್ಲ ಜೀವ ಹಿಂಡಿದ ಹಾಗಾಗುತ್ತದೆ. ಎರಡು ಸೆಕೆಂಡಿನ ಕೆಲಸ ಅದು.

ಎತ್ತರದ ಗಾಡಿಯಲ್ಲಿ ದೂರದ್ದು ಚೆನ್ನಾಗಿ ಕಾಣುತ್ತದೆ. ಹತ್ತಿರದ್ದು ಕಾಣುವುದಿಲ್ಲ. ಬಾನೆಟ್ ಎತ್ತರ ಇರುವುದರಿಂದ ಬಂಪರ್ ಮುಂದೆಯೇ ನಿಂತ ಪುಟ್ಟ ಮಗು ಡ್ರೈವರ್ ಕಣ್ಣಿಗೆ ಬೀಳದೇ ಇರಬಹುದು. ಗಾಡಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ ಇದನ್ನು ಪರೀಕ್ಷೆ ಮಾಡಿ. ನೀವು ಡ್ರೈವರ್ ಸೀಟಿನಲ್ಲಿ ಕೂತುಕೊಳ್ಳಿ. ಇನ್ನೊಬ್ಬರು ಮಗುವಿನ ಎತ್ತರದ ಸ್ಟೂಲನ್ನು ಬಂಪರಿನಿಂದ ಸ್ವಲ್ಪ ಸ್ವಲ್ಪವೇ ದೂರ ಸರಿಸುತ್ತಾ ಹೋಗಲಿ. ಅದರ ತುದಿ ಎಲ್ಲಿ ಕಣ್ಣಿಗೆ ಬಿತ್ತು ನೋಡಿ. ಅಲ್ಲಿಯವರೆಗಿನ ಜಾಗ ಪೂರ್ತಿ ನಿಮಗೆ ಕುರುಡು. ಗಾಡಿ ಓಡಿಸುವ ಮನೆಯವರೆಲ್ಲರೂ ಇದನ್ನು ಮಾಡಲಿ, ಯಾಕೆಂದರೆ ಒಬ್ಬೊಬ್ಬರ ಎತ್ತರಕ್ಕೂ ಈ ದೂರ ಬದಲಾಗುತ್ತದೆ. ಹಿಂದಿನ ಕ್ಯಾಮೆರಾ ಸಹಾಯ ಮಾಡುತ್ತದೆ, ಆದರೆ ಲೆನ್ಸಿಗೆ ಕೆಸರು ಮೆತ್ತಿದ್ದರೆ ಅದೂ ಇಲ್ಲ. ಮಕ್ಕಳು ಆಡುವ ಜಾಗದಿಂದ ಹೊರಡುವಾಗ ಗಾಡಿಗೆ ಒಂದು ಸುತ್ತು ಬಂದು ಹತ್ತಿ.

ಓಡಿಸುವ ಬಗ್ಗೆ ಎರಡು ತಪ್ಪು ನಂಬಿಕೆ ಬಿಡಿಸಬೇಕು. ಒಂದು, ಎಂಜಿನ್ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುವ ಆಲ್ ವೀಲ್ ಡ್ರೈವ್ ಇದೆ ಅಂದರೆ ಒದ್ದೆ ರಸ್ತೆಯಲ್ಲಿ ಭಯ ಇಲ್ಲ ಅನ್ನುವುದು. ಅದು ಗಾಡಿ ಮುಂದಕ್ಕೆ ಹೋಗಲು ಸಹಾಯ ಮಾಡುತ್ತದೆ, ನಿಲ್ಲಲು ಅಲ್ಲ. ಬ್ರೇಕ್ ಎಲ್ಲ ಗಾಡಿಗೂ ನಾಲ್ಕು ಚಕ್ರಕ್ಕೇ ಇರುತ್ತದೆ. ಹಿಡಿತ ಕೊಡುವುದು ಟೈರು. ಜನ ತುಂಬಿದ ಭಾರದ ಗಾಡಿಗೆ ಮುಂದಿನ ಗಾಡಿಯಿಂದ ಜಾಸ್ತಿ ಅಂತರ ಬೇಕು. ಇನ್ನೊಂದು, ನೀರಿನದು. ಗ್ರೌಂಡ್ ಕ್ಲಿಯರೆನ್ಸ್, ಅಂದರೆ ಗಾಡಿಯ ಹೊಟ್ಟೆಗೂ ನೆಲಕ್ಕೂ ಇರುವ ಅಂತರ ಜಾಸ್ತಿ ಇದೆ ಅಂತ ಹರಿಯುವ ನೀರಿಗೆ ಇಳಿಯಬೇಡಿ. 60 ಸೆಂಟಿಮೀಟರ್ ಆಳದ ಹರಿವು ಎಸ್‌ಯುವಿಯನ್ನೂ ಕೊಚ್ಚಿಕೊಂಡು ಹೋಗಬಲ್ಲದು. ವಾಪಸ್ ತಿರುಗಿಸಿ ಬೇರೆ ದಾರಿ ಹಿಡಿಯಿರಿ.

ಟೈರಿನ ಗಾಳಿಯನ್ನು ತಿಂಗಳಿಗೊಮ್ಮೆ, ಗಾಡಿ ತಣ್ಣಗಿದ್ದಾಗ ನೋಡಬೇಕು. ಡ್ರೈವರ್ ಬಾಗಿಲ ಕಂಬದ ಆ ಸ್ಟಿಕ್ಕರ್‌ನಲ್ಲಿ ಎಷ್ಟೋ ಸಲ ಗಾಳಿಯ ಒತ್ತಡದ ಎರಡು ಅಂಕಿ ಇರುತ್ತವೆ, ಇಬ್ಬರು ಮೂವರು ಇದ್ದಾಗ ಒಂದು, ಪೂರ್ತಿ ತುಂಬಿದಾಗ ಇನ್ನೊಂದು. ದೂರದ ಪ್ರಯಾಣಕ್ಕೆ ಎಲ್ಲರೂ ಹೊರಟಾಗ ಎರಡನೆಯದಕ್ಕೆ ಏರಿಸಿ, ಬಂದ ಮೇಲೆ ಇಳಿಸಿ. ಟೈರಿನ ಮೇಲೇ ಬರೆದಿರುವುದು ಟೈರು ತಡೆಯುವ ಗರಿಷ್ಠ ಒತ್ತಡ, ಅದನ್ನು ನೋಡಿ ಗಾಳಿ ತುಂಬಿಸಬೇಡಿ. ತುಂಬಾ ದೇಶಗಳಲ್ಲಿ ಕಾನೂನು ಕೇಳುವುದು ಟೈರಿನ ಗೀರು ಕನಿಷ್ಠ 1.6 ಮಿ.ಮೀ. ಆಳ ಇರಬೇಕು ಅಂತ. ಆದರೆ ಮನೆಮಂದಿಯನ್ನು ಕೂರಿಸಿಕೊಂಡು ಮಳೆಯಲ್ಲಿ ಹೋಗುವ ಗಾಡಿಗೆ 3 ಮಿ.ಮೀ. ಹತ್ತಿರ ಬಂದಾಗಲೇ ಬದಲಾಯಿಸುವುದು ನನ್ನ ಪ್ರಕಾರ ಸರಿ. ಟೈರಿನ ವಯಸ್ಸು ಅದರ ಪಕ್ಕದಲ್ಲೇ ನಾಲ್ಕು ಅಂಕಿಯಲ್ಲಿ ಇರುತ್ತದೆ. 2323 ಅಂದರೆ 2023ರ 23ನೇ ವಾರ. ಆಲ್ ವೀಲ್ ಡ್ರೈವ್ ಆಗಿದ್ದರೆ ನಾಲ್ಕೂ ಟೈರು ಹೆಚ್ಚುಕಮ್ಮಿ ಒಂದೇ ಸಮ ಸವೆದಿರಬೇಕು, ಇಲ್ಲದಿದ್ದರೆ ಗೇರ್ ಭಾಗಗಳಿಗೆ ಪೆಟ್ಟು. ಅದಕ್ಕೇ ಸುಮಾರು 10,000 ಕಿ.ಮೀ.ಗೊಮ್ಮೆ ಟೈರ್ ರೊಟೇಶನ್, ಅಂದರೆ ಟೈರುಗಳ ಜಾಗ ಅದಲು ಬದಲು ಮಾಡಿಸಿ.

ಸರ್ವಿಸ್ ವಿಷಯ ಮ್ಯಾನ್ಯುಯಲ್‌ನಲ್ಲೇ ಇದೆ, ಇಲ್ಲಿ ಜಾಸ್ತಿ ಹೇಳುವುದಿಲ್ಲ. ಕಡಿಮೆ ಓಡಿಸಿದರೂ ವರ್ಷಕ್ಕೊಮ್ಮೆ ಎಂಜಿನ್ ಆಯಿಲ್ ಬದಲಾಯಿಸಿ, ಬ್ರೇಕ್ ಆಯಿಲ್ ನೀರಿನಂಶ ಹೀರಿಕೊಳ್ಳುವುದರಿಂದ ಎರಡು ವರ್ಷಕ್ಕೊಮ್ಮೆ. ಜನ ಮರೆಯುವುದು ಬೇರೆ ಎರಡನ್ನು. ಡೀಸೆಲ್ ಗಾಡಿಯಲ್ಲಿ ಡಿಪಿಎಫ್ ಅನ್ನುವ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಬರೀ ಶಾಲೆಗೆ ಬಿಟ್ಟು ಬರುವ ಎರಡು ಮೂರು ಕಿಲೋಮೀಟರ್ ಓಡಾಟದಲ್ಲಿ ಅದು ಸಾಕಷ್ಟು ಬಿಸಿಯಾಗುವುದಿಲ್ಲ, ಬಿಸಿಯಾಗದಿದ್ದರೆ ಮಸಿ ಸುಡುವುದಿಲ್ಲ, ಕಟ್ಟಿಕೊಳ್ಳುತ್ತದೆ. ಆಗಾಗ 20 ನಿಮಿಷಕ್ಕಿಂತ ಜಾಸ್ತಿ ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಿಸಿ. ನಿಮ್ಮದು ಬರೀ ಚಿಕ್ಕ ಓಡಾಟವೇ ಅಂದರೆ ಡೀಸೆಲ್ ಬೇಡ, ಪೆಟ್ರೋಲ್ ಅಥವಾ ಹೈಬ್ರಿಡ್ ನೋಡಿ. ಎರಡನೆಯದು ಸನ್‌ರೂಫ್. ಅದರ ಮೂಲೆಗಳಲ್ಲಿ ನೀರು ಹೊರಗೆ ಹೋಗಲು ಸಣ್ಣ ಕೊಳವೆಗಳಿರುತ್ತವೆ. ಎಲೆ, ಧೂಳು ಕಟ್ಟಿದರೆ ನೀರು ಒಳಗಿನ ಕಾರ್ಪೆಟ್ಟಿಗೆ ಇಳಿದು ವೈರಿಂಗ್ ಹಾಳಾಗುತ್ತದೆ. ಮಳೆಗಾಲಕ್ಕೆ ಮುಂಚೆ ಸನ್‌ರೂಫ್ ತೆರೆದು ಅಂಚು ಒರೆಸಿ, ಮೂಲೆಗೆ ಒಂದು ಲೋಟ ನೀರು ನಿಧಾನವಾಗಿ ಬಿಟ್ಟು ಗಾಡಿಯ ಕೆಳಗೆ ಬೀಳುತ್ತಾ ನೋಡಿ.

ಸ್ಟೆಪ್ನಿ ಇದೆಯೋ ಇಲ್ಲವೋ ಈಗಲೇ ನೋಡಿಬಿಡಿ. ಏಳು ಸೀಟಿನ ಕೆಲವು ಗಾಡಿಗಳಲ್ಲಿ ಅದು ಹೊಟ್ಟೆಯ ಕೆಳಗೆ ನೇತಾಡುತ್ತಿರುತ್ತದೆ, ಕೆಲವಕ್ಕೆ ತೆಳ್ಳನೆಯದನ್ನು ಕೊಟ್ಟಿರುತ್ತಾರೆ, ಅದರಲ್ಲಿ ಸಾಮಾನ್ಯವಾಗಿ 80 ಕಿ.ಮೀ. ವೇಗ ದಾಟುವ ಹಾಗಿಲ್ಲ. ಕೆಲವಕ್ಕೆ ಬರೀ ಪಂಕ್ಚರ್ ಕಿಟ್. ಹಗಲಲ್ಲಿ, ಸಮತಟ್ಟಾದ ಜಾಗದಲ್ಲಿ, ಗಾಡಿಯಲ್ಲಿ ಯಾರೂ ಇಲ್ಲದಾಗ ಒಂದು ಚಕ್ರ ಬಿಚ್ಚಿ ಹಾಕಿ ಅಭ್ಯಾಸ ಮಾಡಿ, ಮನೆಯಲ್ಲಿ ಓಡಿಸುವ ಎಲ್ಲರ ಕೈಲೂ ಮಾಡಿಸಿ. ಜ್ಯಾಕ್ ಕೊಡುವ ಜಾಗ ಮ್ಯಾನ್ಯುಯಲ್‌ನಲ್ಲಿ ಗುರುತು ಮಾಡಿರುತ್ತಾರೆ. ಹಾಕಿದ ಚಕ್ರದ ನಟ್ಟುಗಳನ್ನು 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ.