ಸಂಡೂರಿನ ಧೂಳಿಗೆ ಹಳೇ ಥಿಂಕ್‌ಪ್ಯಾಡ್: ಆರಿಸಿದ್ದು, ಬದಲಿಸಿದ್ದು

ಸೈಟಿಗೆ ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ಟಿ480 ಲ್ಯಾಪ್‌ಟಾಪ್ ಒಯ್ತೀನಿ ಅಂದಾಗ ಜೊತೆಯ ಸರ್ವೇಯರ್‌ಗಳು ಯಾರೂ ಒಪ್ಪಲಿಲ್ಲ. ‘2018ರ ಮಾಡೆಲ್ಲಿಗೆ ದುಡ್ಡು ಸುರೀತೀಯಲ್ಲೋ ಮಾರಾಯ, ಹೊಸ ಗೇಮಿಂಗ್ ಲ್ಯಾಪ್‌ಟಾಪ್ ತಗೋ’ ಅಂದರು. ಹಾಗಂದವರೇ ಈಗ ನನ್ನ ಕೈಲಿ ಇದೇ ಮಾಡೆಲ್ ರೆಡಿ ಮಾಡಿಸಿಕೊಂಡಿದ್ದಾರೆ. ಅದಕ್ಕೇ ಬರೀತಿದ್ದೀನಿ.

ನನ್ನ ಕೆಲಸ ಹೆಚ್ಚಾಗಿ ಸಂಡೂರು, ಹೊಸಪೇಟೆ ಕಡೆ. ಟೋಟಲ್ ಸ್ಟೇಷನ್ (ಅಳತೆ ಯಂತ್ರ)ನಿಂದ ಪಾಯಿಂಟ್ ಇಳಿಸಿ ಅಲ್ಲೇ ಕಂಟೂರ್ (ನೆಲದ ಏರಿಳಿತದ ಗೆರೆ) ನೋಡಬೇಕು, ಎಲ್ಲಾದರೂ ಬಿಟ್ಟಿದ್ದರೆ ಆಗಲೇ ಯಂತ್ರ ಗುರಿಯಿಡೋ ಪ್ರಿಸಂ ಮತ್ತೆ ನಿಲ್ಲಿಸಬೇಕು. ರೂಮಿಗೆ ಬಂದ ಮೇಲೆ ಗೊತ್ತಾದರೆ ಮಾರನೇ ದಿನದ ಜೀಪು, ಕೂಲಿ ಎಲ್ಲ ಕೈಯಿಂದಲೇ. ಮಿಲಿಟರಿ ಸ್ಟ್ಯಾಂಡರ್ಡ್ 810ಜಿ (ಗಟ್ಟಿತನದ ಪರೀಕ್ಷೆ) ಅನ್ನೋದನ್ನ ನೋಡಿ ನಾನು ಕೊಳ್ಳಲಿಲ್ಲ. ಆ ಪರೀಕ್ಷೆ ಹೊಸ ಪೀಸಿಗೆ ಮಾಡಿದ್ದು, ಧೂಳು, ನೀರು ತಡೆಯೋದಕ್ಕೆ ಕೊಡೋ ಐಪಿ ರೇಟಿಂಗ್ ಬೇರೆ ಇಲ್ಲ. ಬಿಡಿಭಾಗ ಬಿಚ್ಚಿ ಬದಲಿಸೋಕೆ ಬರುತ್ತೆ ಅಂತ ಕೊಂಡೆ.

ಬೆಂಗಳೂರಿನ ಎಸ್‌.ಪಿ. ರೋಡಲ್ಲಿ ಸುಮಾರು 19 ಸಾವಿರ ಬಿತ್ತು: ಐ5, 8 ಜಿಬಿ ರ‍್ಯಾಮ್. ಅಂಗಡಿಯಲ್ಲಿ ಮೊದಲು ಬಯೋಸ್ (ಮಷೀನಿನ ಮೂಲ ಸೆಟ್ಟಿಂಗ್) ಒಳಗೆ ಹೋದೆ. ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿದ ಪೀಸನ್ನ ಅರ್ಧ ಬೆಲೆಗೆ ಕೊಟ್ಟರೂ ಮುಟ್ಟಬೇಡಿ. ಆಮೇಲೆ ಮೇಲಿನ ಮುಚ್ಚಳವನ್ನ ಒಂದೇ ಮೂಲೆ ಹಿಡಿದು ಎತ್ತಿದೆ. ಹಿಂಜ್ ಕಿರ್ ಅಂದರೆ, ಕೆಳಗಿನ ಬಾಡಿ ಜೊತೆಗೆ ಎದ್ದು ಓರೆಯಾದರೆ ವಾಪಸ್. ಇದಕ್ಕೆ ಎರಡು ಬ್ಯಾಟರಿ, ಓಡ್ತಿರುವಾಗಲೇ ಹಿಂದಿನದ್ದನ್ನ ಕಿತ್ತೆ. ಒಳಗಿನ 24 ವ್ಯಾಟ್-ಅವರ್ ಬ್ಯಾಟರಿ ಜೀವಂತ ಇದ್ದರೆ ಮಷೀನ್ ಆಫ್ ಆಗಲ್ಲ. ಆಫ್ ಆದ ಪೀಸನ್ನ ಅಲ್ಲೇ ಪಕ್ಕಕ್ಕಿಟ್ಟೆ. ಟೈಪ್-ಸಿ ಎರಡೂ ಪೋರ್ಟಲ್ಲಿ ಚಾರ್ಜ್ ಆಗುತ್ತಾ ನೋಡಿ. ಈ ಮಾಡೆಲ್ಲಿನ ಹಳೇ ಥಂಡರ್‌ಬೋಲ್ಟ್ ಫರ್ಮ್‌ವೇರ್ (ಪೋರ್ಟ್ ನಡೆಸೋ ಒಳಗಿನ ಸಾಫ್ಟ್‌ವೇರ್) ಇದ್ದರೆ ಪೋರ್ಟ್ ಕೈಕೊಡಬಹುದು, ಅಪ್‌ಡೇಟ್ ಆಗಿರಬೇಕು.

ಹೆಚ್ಚು ದುಡ್ಡು, ಹೆಚ್ಚು ತಲೆನೋವು ಬ್ಯಾಟರಿಯದ್ದು. 72 ವ್ಯಾಟ್-ಅವರ್ ದಪ್ಪ ಬ್ಯಾಟರಿ ಅಂತ ಒಬ್ಬರು ಎರಡೂವರೆ ಸಾವಿರಕ್ಕೆ ಕೊಟ್ಟರು, ನಾಲ್ಕು ತಿಂಗಳಲ್ಲಿ ಅರ್ಧಕ್ಕಿಳಿಯಿತು. ಇನ್ನೊಂದು ಕಡೆಯದ್ದು ಉಬ್ಬಿಕೊಂಡು ಲಾಕೇ ಬೀಳಲಿಲ್ಲ. ಕೊನೆಗೆ ಬ್ಯಾಟರಿ ರಿಪೋರ್ಟ್ (ಎಷ್ಟು ಶಕ್ತಿ ಉಳಿದಿದೆ ಅನ್ನೋ ಲೆಕ್ಕ) ತೆಗೆದು ತೋರಿಸಿದವರ ಹತ್ತಿರ ಮಾತ್ರ, ನಾಲ್ಕು ಸಾವಿರ ಚಿಲ್ಲರೆ ಕೊಟ್ಟು ತಗೊಂಡೆ. ಈಗ ದಪ್ಪದ್ದೊಂದು, ಜೇಬಲ್ಲಿ ಸಣ್ಣದೊಂದು. ಬೆಳಗ್ಗೆ ಏಳಕ್ಕೆ ಶುರು ಮಾಡಿದರೆ ಸಂಜೆ ಐದರವರೆಗೂ ಚಾರ್ಜರ್ ಮುಟ್ಟಲ್ಲ.

ಜೊತೆಗೆ ಬಂದಿದ್ದ 1366×768 ಪ್ಯಾನಲ್ (ಪರದೆ) ಬಿಸಿಲಲ್ಲಿ ಬರೀ ಕಪ್ಪು ಹಲಗೆ. ಕೊಡೆ ಹಿಡಿದರೂ ಲೇಯರ್ ಬಣ್ಣ ಕಾಣ್ತಿರಲಿಲ್ಲ. 400 ನಿಟ್ಸ್ ಬೆಳಕಿನ ಫುಲ್ ಎಚ್‌ಡಿ ಪ್ಯಾನಲ್ ಹಾಕಿದ ಮೇಲೆ ಮರದ ನೆರಳಲ್ಲಿ ಆರಾಮಾಗಿ ಕೆಲಸ ನಡೀತಿದೆ. ಸುಮಾರು ಐದು ಸಾವಿರ ಆಯ್ತು. ಪ್ಯಾನಲ್ ನಂಬರ್ ಹುಡುಕೋಕೆ ಬಹಳ ದಿನ ಕಳೆದಿದ್ದೀನಿ, ಅದನ್ನ ಇಲ್ಲಿ ಬರೆಯಲ್ಲ. ಕೇಬಲ್ ಕನೆಕ್ಟರ್ 30 ಪಿನ್‌ದು, ಅಷ್ಟು ಸಾಕು. ಬಿಚ್ಚೋ ಮುಂಚೆ ಬಯೋಸ್‌ನಲ್ಲಿ ಒಳಗಿನ ಬ್ಯಾಟರಿ ಡಿಸೇಬಲ್ ಮಾಡೋದು ಮರೀಬೇಡಿ.

ಧೂಳಿಗೆ ಅಂತ ಅಡಿಯ ಗಾಳಿ ತೂತಿಗೆ ತೆಳು ಪಂಚೆ ಬಟ್ಟೆ ಅಂಟಿಸಿ ನೋಡಿದೆ. ಧೂಳೇನೋ ನಿಂತಿತು, ಆದರೆ ಏಪ್ರಿಲ್ ಬಿಸಿಲಲ್ಲಿ ಪ್ರೊಸೆಸರ್ 95 ಡಿಗ್ರಿ ದಾಟಿ ಆಟೊಕ್ಯಾಡ್ ತೆವಳೋಕೆ ಶುರುವಾಯ್ತು. ಕಿತ್ತು ಬಿಸಾಕಿದೆ. ಪ್ರೊಸೆಸರ್ ಬಿಸಿ ಹೊರಗೆ ಸಾಗಿಸೋ ಥರ್ಮಲ್ ಪೇಸ್ಟ್ ಹೊಸದು ಹಚ್ಚಿ, ತಿಂಗಳಿಗೊಮ್ಮೆ ಬ್ರಷ್ಷಲ್ಲಿ ಫ್ಯಾನ್ ಒರೆಸಿದ ಮೇಲೆ 80ರ ಆಸುಪಾಸು ನಿಲ್ಲುತ್ತೆ. ಸಿಮ್ ಕಾರ್ಡಿನ ಮಾಡೆಮ್ ಕೂರೋ ಸ್ಲಾಟಿಗೆ 2242 ಸೈಜಿನ (22×42 ಮಿ.ಮೀ.) ಪುಟ್ಟ ಎಸ್‌ಎಸ್‌ಡಿ ಹಾಕಿದ್ದು ಮಾತ್ರ ಸೂಪರ್: ದಿನದ ಪಾಯಿಂಟ್ ಫೈಲೆಲ್ಲ ಅಲ್ಲೇ ಬ್ಯಾಕಪ್.

16 ಜಿಬಿ ರ‍್ಯಾಮ್ ಸೇರಿಸಿ, ಹಾಳಾದ ಬ್ಯಾಟರಿಗಳ ನಷ್ಟವನ್ನೂ ಕೂಡಿಸಿದರೆ 38 ಸಾವಿರದ ಹತ್ತಿರ ಬರುತ್ತೆ. ಕಂಪನಿಯವರು ರಗಡ್ ಅಂತ ಮಾರೋ ಹೊಸದಕ್ಕೆ ನನಗೆ ಕೊಟ್ಟ ಕೊಟೇಶನ್ ಲಕ್ಷದ ಮೇಲಿತ್ತು. ನಮ್ಮ ಹುಡುಗನಿಗೂ ಒಂದು ಕಟ್ಟಿಕೊಡ್ತಿದ್ದೀನಿ, ಈ ಸಲ ಮೊದಲೇ ಒಳ್ಳೇ ಪ್ಯಾನಲ್ ಇರೋ ಪೀಸ್ ಹುಡುಕ್ತಿದ್ದೀನಿ.