ಬೇಯಿಸಿದ ಹಣ್ಣು: ಯಾವುದು ಮೊದಲು, ಯಾವುದು ಆಮೇಲೆ

ಸೇಬು, ಮರಸೇಬು, ಪ್ಲಮ್ ಮೂರನ್ನೂ ಹೆಚ್ಚಿ ಒಂದೇ ಸಲಕ್ಕೆ ಪಾತ್ರೆಗೆ ಸುರಿದು ಒಲೆ ಹಚ್ಚಿದರೆ ಪ್ಲಮ್ ಕರಗಿ ರಸವಾಗಿರುತ್ತದೆ, ಸೇಬಿನ ಅಂಚು ಸವೆದು ನಡು ಗಟ್ಟಿಯಾಗಿಯೇ ಇರುತ್ತದೆ, ಮರಸೇಬು ಇನ್ನೂ ಕಟುಂ ಅನ್ನುತ್ತಿರುತ್ತದೆ. ಮಸಾಲೆ ಹಾಕಿ ಹಣ್ಣು ಬೇಯಿಸುವುದಕ್ಕೆ ಅಂಥ ಕೈಚಳಕವೇನೂ ಬೇಡ. ಆದರೆ ಸರದಿ ಬೇಕು. ಹಣ್ಣು, ಸಕ್ಕರೆ, ಹುಳಿ, ಮಸಾಲೆ ಇವುಗಳಲ್ಲಿ ಯಾವುದು ಯಾವಾಗ ಪಾತ್ರೆಗೆ ಬೀಳಬೇಕು ಅನ್ನುವುದು ಗೊತ್ತಿದ್ದರೆ ಅಳತೆ ಚೂರು ಆಚೀಚೆಯಾದರೂ ಏನೂ ಕೆಡುವುದಿಲ್ಲ. ಶರದೃತು ಬಂದು ಈ ಹಣ್ಣುಗಳೆಲ್ಲ ಒಟ್ಟಿಗೆ ಕೈಗೆ ಸಿಗುವ ಹೊತ್ತಿಗೆ ನಾನು ಮಾಡುವ ಕ್ರಮ ಇದು.

ಮೊದಲು ಸೇಬು. ಎಲ್ಲ ಸೇಬೂ ಒಂದೇ ಥರ ಬೇಯುವುದಿಲ್ಲ. ಗೋಲ್ಡನ್ ಡೆಲಿಷಸ್ ಬೆಂದ ಮೇಲೂ ಹೋಳಾಗಿಯೇ ಉಳಿಯುತ್ತದೆ. ಗ್ರಾನಿ ಸ್ಮಿತ್‌ಗೆ ಒಳ್ಳೆಯ ಹುಳಿಯಿದೆ, ಆಕಾರವನ್ನೂ ತಕ್ಕಮಟ್ಟಿಗೆ ಉಳಿಸಿಕೊಳ್ಳುತ್ತದೆ. ಮೆಕಿಂಟಾಷ್ ಬಿಸಿ ತಾಗಿದ್ದೇ ತಡ, ಕರಗತೊಡಗುತ್ತದೆ. ಹೋಳೂ ಬೇಕು, ಹೋಳಿನ ಸುತ್ತ ಮಂದವಾದ ರಸವೂ ಬೇಕು ಅನ್ನುವ ಆಸೆ ನನ್ನದು. ಹಾಗಾಗಿ ಗಟ್ಟಿಯ ಜಾತಿ ಮುಕ್ಕಾಲು ಪಾಲು, ಕರಗುವ ಜಾತಿ ಕಾಲು ಪಾಲು ಸೇರಿಸುತ್ತೇನೆ. ಕರಗುವುದು ರಸವನ್ನು ಮಂದ ಮಾಡುತ್ತದೆ, ಹಿಟ್ಟು ಕದಡಿ ಹಾಕುವ ಕೆಲಸ ಉಳಿಯುತ್ತದೆ. ರೆಡ್ ಡೆಲಿಷಸ್ ನೋಡಲು ಚೆಂದ, ಅಷ್ಟೇ. ಬೇಯಿಸಿದರೆ ಹಿಟ್ಟುಹಿಟ್ಟು, ಹುಳಿಯೂ ಸಾಲದು. ಅದನ್ನು ಹಸಿಯಾಗಿ ತಿಂದುಬಿಡುವುದೇ ಸರಿ.

ಮರಸೇಬಿನ ಸ್ವಭಾವ ಬೇರೆ. ಅದು ಒಳಗಿನಿಂದ ಹೊರಕ್ಕೆ ಹಣ್ಣಾಗುತ್ತದೆ. ಮೈಯೆಲ್ಲ ಮೆತ್ತಗಾದ ಮೇಲೆ ಕತ್ತರಿಸಿದರೆ ನಡುಭಾಗ ಕಂದಿ ಕೆಟ್ಟಿರುವುದೇ ಹೆಚ್ಚು. ತೊಟ್ಟಿನ ಪಕ್ಕ ಹೆಬ್ಬೆರಳಿನಿಂದ ಒತ್ತಿ ನೋಡಿ. ಅಲ್ಲಿ ಸ್ವಲ್ಪ ತಗ್ಗಿದರೆ ತಿನ್ನುವುದಕ್ಕೆ ಹದ ಬಂದಿದೆ ಎಂದರ್ಥ. ಬೇಯಿಸುವುದಕ್ಕಾದರೆ ಅದಕ್ಕಿಂತ ಒಂದೆರಡು ದಿನ ಮೊದಲಿನದು, ಅಂದರೆ ಒತ್ತಿದರೆ ಇನ್ನೂ ಬಿಗಿಯಿರುವುದು, ಒಳ್ಳೆಯದು. ಮರಸೇಬಿನಲ್ಲಿ ಹುಳಿ ಕಡಿಮೆ, ಆದ್ದರಿಂದ ನಿಂಬೆರಸ ಬೇಕೇ ಬೇಕು.

ಹೆಚ್ಚಿದ ಹೋಳು ಕಪ್ಪಾಗುತ್ತದೆಂದು ಕೆಲವರು ಗಾಬರಿಪಡುತ್ತಾರೆ. ಹಣ್ಣಿನೊಳಗಿನ ಒಂದು ಕಿಣ್ವಕ್ಕೆ ಗಾಳಿ ತಾಗಿದ್ದರಿಂದ ಆಗುವುದು ಅದು. ಹುಳಿ ಆ ಕಿಣ್ವವನ್ನು ತಡೆಯುತ್ತದೆ, ಬಿಸಿ ಅದನ್ನು ಕೊಂದೇಬಿಡುತ್ತದೆ. ಹೆಚ್ಚುತ್ತ ಹೆಚ್ಚುತ್ತ ನಿಂಬೆರಸದಲ್ಲಿ ಹೊರಳಿಸಿಟ್ಟರೆ ಸಾಕು. ನೀರಿನಲ್ಲಿ ಮುಳುಗಿಸಿಡುವುದು ನನಗೆ ಹಿಡಿಸದು, ಹಣ್ಣಿನ ಸವಿಯೆಲ್ಲ ಆ ನೀರಿಗೆ ಹೋಗುತ್ತದೆ. ಹೋಳು ಒಂದು ಅಂಗುಲದಷ್ಟು ದಪ್ಪಗಿರಲಿ. ತೆಳ್ಳಗೆ ಹೆಚ್ಚಿ ಆಮೇಲೆ ಮುದ್ದೆಯಾಯಿತೆಂದು ಕೊರಗಿ ಫಲವಿಲ್ಲ.

ಇನ್ನು ಸಕ್ಕರೆಯ ವಿಷಯ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಹಣ್ಣಿನ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಬಿಸಿ ಏರಿದಂತೆ ಅದು ಕರಗಿ ಕೋಶಗಳು ಕೈಬಿಡುತ್ತವೆ, ಹೋಳು ಮೆತ್ತಗಾಗುತ್ತದೆ. ಸಕ್ಕರೆ ಮೊದಲೇ ಇದ್ದರೆ ಈ ಕರಗುವಿಕೆ ನಿಧಾನವಾಗಿ ಹೋಳು ಆಕಾರ ಉಳಿಸಿಕೊಳ್ಳುತ್ತದೆ. ಬರೀ ನೀರಿನಲ್ಲಿ ಬೇಯಿಸಿ ಕೊನೆಗೆ ಸಕ್ಕರೆ ಹಾಕಿದರೆ ಹಣ್ಣು ಬೇಗ ಒಡೆದು ಮುದ್ದೆಯಾಗುತ್ತದೆ. ಎರಡೂ ತಪ್ಪಲ್ಲ, ನಿಮಗೇನು ಬೇಕು ಎನ್ನುವುದರ ಮೇಲೆ ನಿಂತಿದೆ. ಮಗುವಿಗೋ ಹಲ್ಲಿಲ್ಲದ ಹಿರಿಯರಿಗೋ ಮಾಡುವಾಗ ಸಕ್ಕರೆ ಕೊನೆಗೆ. ಬಟ್ಟಲಲ್ಲಿ ಹೋಳು ಎದ್ದು ಕಾಣಬೇಕಾದರೆ ಸಕ್ಕರೆ ಮೊದಲಿಗೆ. ನಿಂಬೆರಸವೂ ಹಣ್ಣು ಮೆತ್ತಗಾಗುವುದನ್ನು ತುಸು ನಿಧಾನಿಸುತ್ತದೆ, ಅದಕ್ಕೇ ಗಟ್ಟಿ ಮರಸೇಬಿಗೆ ಅತಿಯಾಗಿ ಹಿಂಡಬಾರದು.

ಒಂದು ಕಿಲೋ ಹಣ್ಣಿಗೆ ನಾನು 70ರಿಂದ 80 ಗ್ರಾಂ ಸಕ್ಕರೆ, ಒಂದು ದೊಡ್ಡ ಚಮಚ ನಿಂಬೆರಸ, ಚಿಟಿಕೆ ಉಪ್ಪು ಬೆರೆಸಿ ಅರ್ಧ ಗಂಟೆ ಮುಚ್ಚಿಡುತ್ತೇನೆ. ಈ ಅರ್ಧ ಗಂಟೆಯನ್ನು ಎಷ್ಟು ಅವಸರವಿದ್ದರೂ ಬಿಡುವುದಿಲ್ಲ. ಸಕ್ಕರೆ ಹಣ್ಣಿನ ನೀರನ್ನು ಹೊರಗೆಳೆದು ಪಾತ್ರೆಯ ತಳದಲ್ಲಿ ರಸ ನಿಂತಿರುತ್ತದೆ. ಸೇಬಿನಲ್ಲಿ ಶೇಕಡಾ 85ರಷ್ಟು ನೀರೇ ಇರುವಾಗ ಮೇಲಿಂದ ಲೋಟಗಟ್ಟಲೆ ಸುರಿಯುವುದು ಯಾಕೆ? ತಳ ಹಿಡಿಯದಿರಲೆಂದು ಕಾಲು ಲೋಟ ಸಾಕು. ನೀರು ಹೆಚ್ಚಾದರೆ ಅದನ್ನು ಇಂಗಿಸುತ್ತ ಕೂರಬೇಕು, ಅಷ್ಟರಲ್ಲಿ ಹಣ್ಣು ಬೆಂದು ಸೋತಿರುತ್ತದೆ.

ಪಾತ್ರೆ ಅಗಲವಾಗಿರಲಿ, ದಪ್ಪ ತಳದ ಸ್ಟೀಲಿನದಾಗಿರಲಿ. ಬರಿಯ ಅಲ್ಯೂಮಿನಿಯಂ, ಕಬ್ಬಿಣ, ಕಲಾಯಿಯಿಲ್ಲದ ತಾಮ್ರ ಈ ಹುಳಿಗೆ ಆಗಿಬರುವುದಿಲ್ಲ. ಹುಳಿ ಲೋಹವನ್ನು ಕೆಣಕಿ ರುಚಿಯಲ್ಲಿ ಒಗರು ಬರುತ್ತದೆ, ಬಣ್ಣವೂ ಮಾಸುತ್ತದೆ.

ಮಸಾಲೆಯಲ್ಲೂ ಅದೇ ಮಾತು, ಸರದಿ. ಚಕ್ಕೆ, ಲವಂಗ, ಚಕ್ರಮೊಗ್ಗು ಇವು ನಿಧಾನವಾಗಿ ಪರಿಮಳ ಬಿಡುವ ಜಾತಿ, ಆದ್ದರಿಂದ ಮೊದಲು. ಏಲಕ್ಕಿ, ಜಾಯಿಕಾಯಿ ಬೇಗ ಹಾರಿಹೋಗುವವು, ಆದ್ದರಿಂದ ಒಲೆ ಆರಿಸಿದ ಮೇಲೆ. ಎಲ್ಲವನ್ನೂ ಒಟ್ಟಿಗೆ ಹಾಕಿ ಕುದಿಸಿದರೆ ಏಲಕ್ಕಿ ಅಡುಗೆಮನೆಯ ಗಾಳಿಗೆ ಸೇರುತ್ತದೆ, ಬಟ್ಟಲಲ್ಲಿ ಲವಂಗವೊಂದೇ ಉಳಿಯುತ್ತದೆ.

ಮಸಾಲೆಯ ಪರಿಮಳ ತೈಲಗಳು ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತವೆ. ಹಾಗಾಗಿ ಪಾತ್ರೆಗೆ ಮೊದಲು ಒಂದು ಚಮಚ ಬೆಣ್ಣೆ ಬೀಳುತ್ತದೆ. ಸಣ್ಣ ಉರಿಯಲ್ಲಿ ಅದು ಕರಗುವಾಗಲೇ ಬೆರಳುದ್ದದ ಚಕ್ಕೆ, ಮೂರು ಲವಂಗ, ಒಂದು ಚಕ್ರಮೊಗ್ಗು ಹಾಕಿ ಅರ್ಧ ನಿಮಿಷ ಕಾಯುತ್ತೇನೆ. ಘಮ ಮೂಗಿಗೆ ತಾಗಿದ ಕೂಡಲೇ ರಸ, ಅದರ ಜೊತೆಗೆ ಮುಂದೆ ಹೇಳುವ ಸರದಿಯಲ್ಲಿ ಹಣ್ಣು ಒಳಕ್ಕೆ. ಬೆಣ್ಣೆ ಬೇಡದವರು ವಾಸನೆಯಿಲ್ಲದ ಯಾವುದಾದರೂ ಎಣ್ಣೆ ಬಳಸಬಹುದು.

ಲವಂಗದ ವಿಷಯದಲ್ಲಿ ಜಿಪುಣತನ ಒಳ್ಳೆಯದು. ಅದರಲ್ಲಿರುವ ಯೂಜೆನಾಲ್ ನಾಲಿಗೆಯನ್ನು ಜೋಮು ಹಿಡಿಸುತ್ತದೆ. ಒಂದು ಕಿಲೋಗೆ ಮೂರಕ್ಕಿಂತ ಹೆಚ್ಚು ಹಾಕಿದರೆ ಹಲ್ಲುನೋವಿನ ಔಷಧಿಯ ನೆನಪಾಗುತ್ತದೆ. ಬಡಿಸುವ ಮುಂಚೆ ಹೆಕ್ಕಿ ತೆಗೆಯುವುದಕ್ಕೆ ಸುಲಭವಾಗಲಿ ಎಂದು ಮೂರನ್ನೂ ಒಂದು ಸೇಬಿನ ಹೋಳಿಗೆ ಚುಚ್ಚಿಬಿಡಬಹುದು. ಆದರೆ ಆಗ ಬೆಣ್ಣೆಯಲ್ಲಿ ಹುರಿಯಲಾಗದು, ಆಯ್ಕೆ ನಿಮ್ಮದು.

ಚಕ್ಕೆಯಲ್ಲಿ ಎರಡು ಬಗೆ. ದಪ್ಪ ತೊಗಟೆಯ, ಗಟ್ಟಿಯಾದ, ಖಾರದ ಕ್ಯಾಸಿಯಾ ಒಂದು. ಕಾಗದದಂಥ ತೆಳು ಪದರಗಳು ಒಂದರೊಳಗೊಂದು ಸುತ್ತಿಕೊಂಡಿರುವ, ಬೆರಳಲ್ಲೇ ಪುಡಿಯಾಗುವ ಸಿಲೋನ್ ಚಕ್ಕೆ ಇನ್ನೊಂದು. ಮರಸೇಬಿನಂಥ ಮೆಲುದನಿಯ ಹಣ್ಣಿಗೆ ಸಿಲೋನ್ ಚಕ್ಕೆ ಹೊಂದುತ್ತದೆ, ಪ್ಲಮ್ಮಿನ ಹುಳಿಗೆ ಕ್ಯಾಸಿಯಾವೇ ಸರಿಜೋಡಿ. ದಿನವೂ ತಿನ್ನುವವರಾದರೆ ಸಿಲೋನ್ ಆರಿಸಿಕೊಳ್ಳುವುದು ಮೇಲು: ಕ್ಯಾಸಿಯಾದಲ್ಲಿ ಕೂಮರಿನ್ ಅಂಶ ಹೆಚ್ಚು, ಅದು ಅತಿಯಾದರೆ ಯಕೃತ್ತಿಗೆ ಒಳ್ಳೆಯದಲ್ಲ. ಯಾವುದಾದರೂ ಸರಿ, ಪುಡಿ ಮಾತ್ರ ಬೇಡ. ಚಕ್ಕೆಪುಡಿ ರಸವನ್ನು ಕದಡಿ ಕಂದು ಮಾಡುತ್ತದೆ, ಬೆಂದಂತೆ ತುಸು ಲೋಳೆಯೂ ಆಗುತ್ತದೆ.

ಶುಂಠಿಯನ್ನು ತೆಳ್ಳಗೆ ಬಿಲ್ಲೆ ಮಾಡಿ ಎರಡು ಕಂತಿನಲ್ಲಿ ಹಾಕುವುದು ನನ್ನ ಚಾಳಿ. ಮೊದಲಿನದು ಬೆಂದು ಖಾರ ಕಳೆದುಕೊಂಡು ಮೆದುವಾದ ಬೆಚ್ಚನೆಯ ರುಚಿ ಕೊಡುತ್ತದೆ. ಇಳಿಸುವ ಮುಂಚೆ ತುರಿದು ಹಾಕಿದ ಚೂರು ಗಂಟಲಿಗೆ ಚುರುಕು ಮುಟ್ಟಿಸುತ್ತದೆ. ಕಿತ್ತಳೆ ಸಿಪ್ಪೆಯನ್ನೂ ಸೇರಿಸಬಹುದು, ಕಿತ್ತಳೆ ಬಣ್ಣದ ಹೊರಪದರವಷ್ಟೇ. ಒಳಗಿನ ಬಿಳಿಭಾಗ ಕಹಿ.

ಈಗ ಹಣ್ಣಿನ ಸರದಿ. ಬೆಣ್ಣೆ, ಮಸಾಲೆಯ ಮೇಲೆ ಮೊದಲು ಬೀಳುವುದು ಗಟ್ಟಿ ಮರಸೇಬು. ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ. ಆಮೇಲೆ ಸೇಬು, ಮತ್ತೆ ಎಂಟು ಹತ್ತು ನಿಮಿಷ. ಕೊನೆಗೆ ಬೀಜ ತೆಗೆದು ಎರಡು ಹೋಳು ಮಾಡಿದ ಪ್ಲಮ್, ಸಿಪ್ಪೆಯ ಸಮೇತ. ಅದಕ್ಕೆ ನಾಲ್ಕೈದು ನಿಮಿಷ ಧಾರಾಳವಾಯಿತು. ಪ್ಲಮ್ಮಿನ ಬಣ್ಣವೂ ಹುಳಿಯೂ ಹೆಚ್ಚಾಗಿ ಸಿಪ್ಪೆಯಲ್ಲಿವೆ. ಅದು ಬಿದ್ದ ಎರಡೇ ನಿಮಿಷಕ್ಕೆ ರಸವೆಲ್ಲ ಕೆಂಪೇರುತ್ತದೆ, ನಿಂಬೆಹುಳಿ ಆ ಕೆಂಪನ್ನು ಇನ್ನಷ್ಟು ಬೆಳಗಿಸುತ್ತದೆ. ಕ್ವಿನ್ಸ್ ಸಿಕ್ಕವರು ಅದನ್ನು ಬೇರೆಯಾಗಿಯೇ ಬೇಯಿಸಿಕೊಳ್ಳಲಿ. ಹಸಿಯಾಗಿ ತಿಂದರೆ ಬಾಯೆಲ್ಲ ಒಗರಾಗುವ ಆ ಗಟ್ಟಿ ಹಣ್ಣಿಗೆ ಒಂದು ಗಂಟೆಯಾದರೂ ಬೇಕು. ಅಷ್ಟು ತಾಳ್ಮೆಗೆ ಪ್ರತಿಯಾಗಿ ಬಿಳಿಯಿದ್ದ ತಿರುಳು ನಸುಗೆಂಪಿಗೆ ತಿರುಗುತ್ತದೆ.

ಕೊತಕೊತ ಕುದಿಸಬಾರದು. ಅಲ್ಲೊಂದು ಇಲ್ಲೊಂದು ಗುಳ್ಳೆ ಎದ್ದರೆ ಸಾಕು. ಜೋರಾಗಿ ಕುದಿದರೆ ಹೋಳುಗಳು ಒಂದಕ್ಕೊಂದು ಡಿಕ್ಕಿ ಹೊಡೆದೇ ಅರ್ಧ ಒಡೆಯುತ್ತವೆ. ಸೌಟಿನಿಂದ ತಿರುವುವುದೂ ಬೇಡ, ಪಾತ್ರೆಯನ್ನೇ ಹಿಡಿದು ಒಮ್ಮೆ ಅಲುಗಿಸಿ. ಮುಚ್ಚಳದ ಬದಲು ಅಡುಗೆಗೆ ಬಳಸುವ ಬೆಣ್ಣೆಕಾಗದವನ್ನು ಪಾತ್ರೆಯ ಅಳತೆಗೆ ದುಂಡಗೆ ಕತ್ತರಿಸಿ, ನಡುವೆ ಸಣ್ಣ ತೂತು ಮಾಡಿ ಹಣ್ಣಿನ ಮೈಗೆ ತಾಗುವಂತೆ ಹೊದಿಸುವುದೂ ಉಂಟು. ಮೇಲಿನ ಹೋಳು ಒಣಗದು, ಹಬೆಯೂ ಮೆಲ್ಲಗೆ ಹೊರಹೋಗುತ್ತದೆ. ನಂಟರು ಬರುವ ದಿನ ಮಾತ್ರ ಈ ಉಸಾಬರಿ, ಮಿಕ್ಕ ದಿನ ಮುಚ್ಚಳವೇ.

ಬೆಂದಿತೇ ಎಂದು ನೋಡಲು ಚಾಕುವಿನ ತುದಿ ಚುಚ್ಚಿ. ತಡೆಯಿಲ್ಲದೆ ಒಳಹೋಗಬೇಕು, ಆದರೆ ಎತ್ತಿದಾಗ ಹೋಳು ಒಡೆಯಬಾರದು. ಇನ್ನೊಂದು ಸ್ವಲ್ಪ ಬೇಯಲಿ ಅನ್ನಿಸಿದಾಗಲೇ ಒಲೆ ಆರಿಸುವುದು ನನ್ನ ಲೆಕ್ಕ. ಪಾತ್ರೆಯ ಬಿಸಿಯೇ ಮುಂದಿನದನ್ನು ನೋಡಿಕೊಳ್ಳುತ್ತದೆ. ಹಣ್ಣು ಹದಕ್ಕೆ ಬಂದೂ ರಸ ನೀರುನೀರಾಗಿದ್ದರೆ ಹೋಳುಗಳನ್ನು ಜಾಲರಿ ಸೌಟಿನಲ್ಲಿ ಎತ್ತಿಟ್ಟು, ರಸವನ್ನೊಂದೇ ಜೋರು ಉರಿಯಲ್ಲಿ ಇಂಗಿಸಿ, ಮತ್ತೆ ಹೋಳಿನ ಮೇಲೆ ಸುರಿಯಿರಿ. ಆರಿದಾಗ ಅದು ಇನ್ನೂ ಮಂದವಾಗುತ್ತದೆ, ಆದ್ದರಿಂದ ಪಾಕದ ಹದದ ತನಕ ಹೋಗಬೇಕಿಲ್ಲ.

ಏಲಕ್ಕಿಪುಡಿ, ಜಾಯಿಕಾಯಿ ತುರಿ ಬೆರೆಸಿ ಮುಚ್ಚಿ ಹತ್ತು ನಿಮಿಷ ಬಿಟ್ಟ ಮೇಲೆ ರುಚಿ ನೋಡುತ್ತೇನೆ. ಬೆಚ್ಚಗೆ ತಿನ್ನುವುದಾದರೆ ಬೆಚ್ಚಗಿರುವಾಗಲೇ ನೋಡಬೇಕು. ಬಿಸಿಯಲ್ಲಿ ಸಿಹಿ ಹೆಚ್ಚು ಗೊತ್ತಾಗುತ್ತದೆ, ತಣ್ಣಗಾದರೆ ಅದೇ ಸಪ್ಪೆ. ಸಪ್ಪೆ ಅನ್ನಿಸಿದಾಗ ಸಕ್ಕರೆಗೆ ಕೈಹಾಕುವ ಮುಂಚೆ ನಾಲ್ಕು ಹನಿ ನಿಂಬೆ ಹಿಂಡಿ ನೋಡಿ. ನನ್ನ ಪಾತ್ರೆಯಲ್ಲಿ ಕೊರತೆಯಿರುವುದು ಹೆಚ್ಚಿನ ಸಲ ಹುಳಿಯದೇ.

ಒಣದ್ರಾಕ್ಷಿ, ಒಣ ಏಪ್ರಿಕಾಟ್ ಸೇರಿಸುವವರು ಅವನ್ನು ಮೊದಲೇ ಬಿಸಿನೀರಿನಲ್ಲಿ ನೆನೆಸಿಕೊಳ್ಳಿ. ಇಲ್ಲದಿದ್ದರೆ ಪಾತ್ರೆಯ ರಸವನ್ನೆಲ್ಲ ಅವೇ ಹೀರುತ್ತವೆ. ನೆನೆಸಿದ ನೀರು ಚೆಲ್ಲದೆ ಮೊದಲು ಹೇಳಿದ ಕಾಲು ಲೋಟದ ಜಾಗಕ್ಕೆ ಬಳಸಬಹುದು. ಇವು ಸಿಹಿ ಹೊತ್ತು ತರುವುದರಿಂದ ಸಕ್ಕರೆಯನ್ನು ಅರ್ಧಕ್ಕೆ ಇಳಿಸಿ.

ಉಳಿದದ್ದನ್ನು ಒಲೆಕಟ್ಟೆಯ ಮೇಲೆ ರಾತ್ರಿಯಿಡೀ ಬಿಡಬೇಡಿ. ಇಷ್ಟು ಕಡಿಮೆ ಸಕ್ಕರೆ ಕೆಡದಂತೆ ಕಾಯುವುದಿಲ್ಲ, ಇದು ಜಾಮ್ ಅಲ್ಲ. ಎರಡು ಗಂಟೆಯೊಳಗೆ ಆರಿಸಿ ಫ್ರಿಜ್ಜಿಗೆ ಸೇರಿಸಿದರೆ ನಾಲ್ಕು ದಿನ ಚೆನ್ನಾಗಿರುತ್ತದೆ. ಇಡುವ ಮುಂಚೆ ಚಕ್ಕೆ, ಲವಂಗ, ಚಕ್ರಮೊಗ್ಗು ಮೂರನ್ನೂ ಹೆಕ್ಕಿ ತೆಗೆಯಬೇಕು. ಅಲ್ಲೇ ಬಿಟ್ಟರೆ ಫ್ರಿಜ್ಜಿನಲ್ಲೂ ಅವು ಕೆಲಸ ನಿಲ್ಲಿಸುವುದಿಲ್ಲ, ಮೂರನೆಯ ದಿನಕ್ಕೆ ಹಣ್ಣಿನ ರುಚಿ ಹುಡುಕಬೇಕಾಗುತ್ತದೆ. ಮತ್ತೆ ಬಿಸಿ ಮಾಡುವಾಗ ಬೇಕಾದಷ್ಟನ್ನು ಮಾತ್ರ ಸಣ್ಣ ಪಾತ್ರೆಗೆ ತೆಗೆದುಕೊಂಡು, ಹಬೆ ಏಳುವ ತನಕ ಕಾಯಿಸಿ, ಆಗ ಹೊಸದಾಗಿ ಒಂದು ಚಿಟಿಕೆ ಏಲಕ್ಕಿಪುಡಿ ಉದುರಿಸಿ.