ಡಿವೋರ್ಸ್ ಸಮಯದಲ್ಲಿ ನಾನು ತೀರ್ಮಾನ ತೆಗೆದುಕೊಂಡ ರೀತಿ

ಡಿವೋರ್ಸ್ ಶುರುವಾದರೆ ತೀರ್ಮಾನಗಳು ಸಾಲಾಗಿ ಬರುವುದಿಲ್ಲ. ಮನೆ, ಸಾಲ, ಮಗಳ ಓದು, ಯಾರಿಗೆ ಏನು ಹೇಳುವುದು, ಎಲ್ಲ ಒಟ್ಟಿಗೇ ಮೈಮೇಲೆ ಬೀಳುತ್ತವೆ. ಅದೂ ಸರಿಯಾಗಿ ನಿದ್ದೆ ಬಾರದ ದಿನಗಳಲ್ಲಿ. ಅದಕ್ಕೇ ಮೊದಲು ಅವನ್ನು ಎರಡು ಪಾಲು ಮಾಡಿದೆ. ಆಮೇಲೆ ಬದಲಾಯಿಸಬಹುದಾದವು ಒಂದು ಕಡೆ. ಸಹಿ ಬಿದ್ದರೆ ಮುಗಿಯಿತು ಎನ್ನುವಂಥವು ಇನ್ನೊಂದು ಕಡೆ. ಈ ತಿಂಗಳು ಮಗಳು ಯಾವ ವಾರ ಯಾರ ಹತ್ತಿರ ಇರಬೇಕು ಎಂಬುದನ್ನು ಬೇಗ ಮುಗಿಸಿದೆವು. ಸರಿಹೋಗದಿದ್ದರೆ ಮುಂದಿನ ತಿಂಗಳು ತಿದ್ದಬಹುದು, ಅಲ್ವಾ? ಆಸ್ತಿ, ಹಣದ ವಿಷಯ ಮಾತ್ರ ರಾತ್ರಿ ಹೊತ್ತು, ಫೋನಿನಲ್ಲಿ, ಜಗಳದ ಮಧ್ಯೆ ಒಪ್ಪಲೇ ಇಲ್ಲ. "ಬರೆದು ಕಳಿಸಿ, ನೋಡಿ ಹೇಳುತ್ತೇನೆ" ಎಂದಷ್ಟೇ ಹೇಳುತ್ತಿದ್ದೆ.

ಬ್ಯಾಂಕ್ ಸ್ಟೇಟ್‌ಮೆಂಟ್, ಸಾಲದ ಕಾಗದ, ವಿಮೆ, ತೆರಿಗೆ ರಿಟರ್ನ್ಸ್, ಎಲ್ಲದರ ಪ್ರತಿ ತೆಗೆದಿಟ್ಟುಕೊಂಡೆ. ಅವನ್ನೇ ನೋಡಿ ಒಬ್ಬಳ ಸಂಬಳದ ಮೇಲೆ ತಿಂಗಳ ಖರ್ಚು ಲೆಕ್ಕ ಹಾಕಿದೆ. ವಿಮೆಯ ಕಂತು, ರಿಪೇರಿಯಂಥ ವರ್ಷಕ್ಕೊಮ್ಮೆ ಬರುವ ಖರ್ಚುಗಳು ಬಾಯಿಲೆಕ್ಕದಲ್ಲಿ ತಪ್ಪಿಹೋಗುತ್ತವೆ.

ಕಷ್ಟವಾಗಿದ್ದು ಮನೆಯ ವಿಷಯ. ಅದು ನನಗೇ ಬೇಕು ಅನ್ನಿಸುತ್ತಿತ್ತು. ಅಷ್ಟೇ ಬೆಲೆಯ ಲಾಭ ಕೊಡುವ ಖುಷಿಗಿಂತ ನಷ್ಟದ ನೋವು ನಮಗೆ ಜಾಸ್ತಿ ತಟ್ಟುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರಲ್ಲೇ ಬರೆದಿದ್ದರು. ನನ್ನೊಳಗೂ ನಡೆಯುತ್ತಿದ್ದುದು ಅದೇ. ಹಾಗಾಗಿ ಪ್ರಶ್ನೆಯನ್ನೇ ತಿರುಗಿಸಿದೆ: ನನ್ನ ಪಾಲು ಈಗ ನಗದಾಗಿ ಕೈಯಲ್ಲಿದ್ದರೆ, ಉಳಿದದ್ದಕ್ಕೆ ಸಾಲ ಮಾಡಿ ಇದೇ ಮನೆ ಕೊಳ್ಳುತ್ತೇನಾ? ಕಂತು, ತೆರಿಗೆ, ರಿಪೇರಿ ಸೇರಿಸಿ ನೋಡಿದರೆ ಖಂಡಿತ ಇಲ್ಲ. ಮನೆ ಗಂಡನಿಗೆ ಬಿಟ್ಟು ಹಣ ತೆಗೆದುಕೊಂಡೆ.

ಆದರೆ ಸುಮ್ನೆ ಬಿಡಲಿಲ್ಲ. "ಸಾಲ ನಾನು ಕಟ್ಟುತ್ತೇನೆ" ಎಂದು ಅವರು ಒಪ್ಪಂದದಲ್ಲಿ ಬರೆದುಕೊಟ್ಟರೂ ಅದು ನಮ್ಮಿಬ್ಬರ ನಡುವಿನ ಮಾತು. ಸಾಲಪತ್ರದಲ್ಲಿ ನನ್ನ ಹೆಸರಿರುವವರೆಗೆ ಕಂತು ತಪ್ಪಿದರೆ ಬ್ಯಾಂಕ್ ನನ್ನನ್ನೂ ಕೇಳುತ್ತದೆ. ಅದಕ್ಕೆ, ಸಾಲದಿಂದ ನನ್ನ ಹೆಸರು ತೆಗೆದ ಕಾಗದ ಕೈಗೆ ಬಂದ ಮೇಲೇ ಮನೆಯ ಹಕ್ಕು ಬಿಡುವುದು ಎಂದು ಪಟ್ಟು ಹಿಡಿದೆ. ನಾನು ಪಟ್ಟು ಹಿಡಿದದ್ದು ಅಲ್ಲಿ ಮಾತ್ರ. ಸೋಫಾ, ಟೀವಿ ಎಲ್ಲ ಕೇಳಿದ ತಕ್ಷಣ ಕೊಟ್ಟೆ. ಹಳೇ ಸೋಫಾಗೆ ವಾದ ಮಾಡಿಸುವ ಖರ್ಚಿನಲ್ಲಿ ಹೊಸದೇ ಬರುತ್ತದೆ!

ಸಲಹೆ ಕೊಡುವವರು ಬೇಕಾದಷ್ಟು ಜನ ಇದ್ದರು. ಹೆಚ್ಚಿನವರು ಹೇಳುತ್ತಿದ್ದುದು ಅವರವರ ಜಗಳದ ಕಥೆ. ಲಾಯರ್ ಹತ್ತಿರ ಕಾನೂನು ಮಾತ್ರ ಕೇಳಿದೆ, ಅಳು ಬಂದಾಗ ಕೌನ್ಸೆಲರ್ ಹತ್ತಿರ ಹೋದೆ. ಒಬ್ಬ ಗೆಳತಿಗೆ ಮಾತ್ರ ನನ್ನ ಉತ್ತರಗಳನ್ನು ಕಳಿಸುವ ಮುಂಚೆ ತೋರಿಸುತ್ತಿದ್ದೆ. ಅವಳ ಕೆಲಸ ಒಂದೇ: ಕೋಪದಲ್ಲಿ ಬರೆದ ಸಾಲುಗಳನ್ನು ಹೊಡೆದುಹಾಕುವುದು. ಕೆಲವು ಸಲ ಒಂದೇ ಸಾಲು ಉಳಿಯುತ್ತಿತ್ತು.

ಯಾರ ಹತ್ತಿರ ಇರುತ್ತೀಯ ಎಂದು ಮಗಳನ್ನು ನಾವು ಕೇಳಲಿಲ್ಲ. ಆ ಭಾರ ಅವಳ ಮೇಲೆ ಹಾಕುವಂಥದ್ದಲ್ಲ. ಒಪ್ಪಂದದ ಮೊದಲ ಕರಡಿನಲ್ಲಿ ಅವಳ ರಜೆಯ ಬಗ್ಗೆ "ಪರಸ್ಪರ ಅನುಕೂಲದಂತೆ" ಎಂದಷ್ಟೇ ಇತ್ತು. ಅದನ್ನು ತೆಗೆಸಿ, ರಜೆಯ ಮೊದಲ ಅರ್ಧ ಯಾರ ಹತ್ತಿರ, ಕರೆದುಕೊಂಡು ಹೋಗಿ ಬಿಡುವವರು ಯಾರು, ಫೀಸು ಯಾವ ತಾರೀಖಿನೊಳಗೆ, ತಡವಾದರೆ ಏನು, ಎಲ್ಲ ಬರೆಸಿದೆ. ಇದಕ್ಕೆ ಅವರೂ ಬೇಗ ಒಪ್ಪಿದರು. ಪ್ರತಿ ರಜೆಗೂ ಹೊಸದಾಗಿ ಜಗಳ ಆಡುವ ಶಕ್ತಿ ಇಬ್ಬರಲ್ಲೂ ಉಳಿದಿರಲಿಲ್ಲ.